ಡಿಸ್ಕಿನಲ್ಲಿ ಉಳಿದ ಅಜ್ಜಿಯ ಹಾಡು

ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದಿಯೊಂದರಲ್ಲಿ ಒಂದು ಮನೆ. ಭಾನುವಾರದ ಸಂಜೆ. ಊಟದ ಮೇಜಿನ ಮೇಲೆ ಒಂದು ಕಪ್ಪು ಡಬ್ಬಿ, ಅದಕ್ಕೆ ಎರಡು ವೈರು. ಜ್ವರ ಬಂದ ಮಗುವಿನ ಮಂಚದ ಸುತ್ತ ನಿಲ್ಲುವಂತೆ ಮನೆಮಂದಿಯೆಲ್ಲ ಅದರ ಸುತ್ತ ನಿಂತಿದ್ದರು. ಡಬ್ಬಿಯೊಳಗೆ ಇದ್ದದ್ದು 2004ರಲ್ಲಿ ಕೊಂಡ ಕಂಪ್ಯೂಟರಿನ ಹಾರ್ಡ್ ಡಿಸ್ಕು. ಆ ಡಿಸ್ಕಿನಲ್ಲಿ ಇದ್ದದ್ದು, ತೀರಿಕೊಂಡು ಎಷ್ಟೋ ವರ್ಷಗಳಾದ ಅಜ್ಜಿಯ ದನಿ.

ಆ ಮನೆಯ ತಾತ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು 2003ರಲ್ಲಿ ನಿವೃತ್ತರಾದವರು. ಕೈಗೆ ಬಂದ ಹಣದಲ್ಲಿ ಮಗನಿಗೆಂದು ಕಂಪ್ಯೂಟರ್ ಕೊಂಡರು. ಮಗ ಅದನ್ನು ಮುಟ್ಟಿದ್ದು ಕಡಿಮೆ. ತಾತನೇ ಕನ್ನಡದಲ್ಲಿ ಟೈಪು ಮಾಡಲು ಕಲಿತು ಕಾರ್ಖಾನೆಯ ನೆನಪುಗಳನ್ನು ಬರೆಯತೊಡಗಿದರು. ಅಜ್ಜಿಗೆ ಮಾಲೂರಿನ ಕಡೆಯ ಮದುವೆ ಹಾಡುಗಳು ಬರುತ್ತಿದ್ದವು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಹಂಗಿಸುವ ಹಾಡು, ಹೀಗೆ ಹತ್ತಾರು. ಒಂದನ್ನೂ ಬರೆದಿಟ್ಟವರಲ್ಲ. ತಾತ ಒಂದು ಮೈಕು ತಂದು, ಮಧ್ಯಾಹ್ನದ ಹೊತ್ತು ಬಾಗಿಲು ಮುಚ್ಚಿ, ಅವರಿಂದ ಹಾಡಿಸಿ ಕಂಪ್ಯೂಟರಿಗೆ ತುಂಬಿಸಿದ್ದರು. 2013ರಲ್ಲಿ ಅಜ್ಜಿ ಹೋದರು. ಎರಡು ವರ್ಷಕ್ಕೆ ಕಂಪ್ಯೂಟರೂ ಗುಜರಿಗೆ ಹೋಯಿತು. ಪುಣ್ಯಕ್ಕೆ ಮಗ ಅದರ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಡಬ್ಬಿಗೆ ಹಾಕಿಸಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟ. ಇಟ್ಟಮೇಲೆ ‘ಜೋಪಾನವಾಗಿದೆ’ ಎಂದು ಎಲ್ಲರೂ ಮರೆತರು.

ಈಗ ಮೈಸೂರಿನ ಮಗಳ ಮಗಳಿಗೆ ಮದುವೆ ಗೊತ್ತಾಗಿತ್ತು. ‘ಅಮ್ಮನ ಹಸೆ ಹಾಡು ಕಳಿಸೋ’ ಎಂದು ಆಕೆ ಅಣ್ಣನಿಗೆ ಫೋನು ಮಾಡಿದ್ದಳು. ಡಬ್ಬಿ ಹೊರಬಂತು. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಏನೂ ಕಾಣಲಿಲ್ಲ.

ಡಿಸ್ಕು ‘ಕಾಣುವುದಿಲ್ಲ’ ಎನ್ನುವ ಒಂದೇ ಮಾತಿನಲ್ಲಿ ನಾಲ್ಕೈದು ಬೇರೆ ಬೇರೆ ರೋಗಗಳು ಅಡಗಿವೆ. ಕರೆಂಟು ಸಾಲದೆ ಅದು ತಿರುಗದೇ ಇರಬಹುದು. ತಿರುಗುತ್ತಿದ್ದರೂ ವೈರು ಸವೆದಿರಬಹುದು. ವೈರು ಸರಿಯಿದ್ದರೂ ಡಬ್ಬಿಯೊಳಗಿನ ಪುಟ್ಟ ಸರ್ಕ್ಯೂಟು ಸತ್ತಿರಬಹುದು. ಅದೂ ಸರಿಯಿದ್ದು, ಕಂಪ್ಯೂಟರಿಗೆ ‘ಒಂದು ಡಿಸ್ಕು ಇದೆ’ ಎಂದು ಗೊತ್ತಾದರೂ ಅದರೊಳಗಿನ ಪಟ್ಟಿ ಓದಲಾಗದೆ ಇರಬಹುದು. ಈ ಕೊನೆಯದನ್ನು ಮಕ್ಕಳಿಗೆ ಹೀಗೆ ಹೇಳಬಹುದು: ತರಗತಿಯಲ್ಲಿ ನಲವತ್ತು ಹುಡುಗರು ಕೂತಿದ್ದಾರೆ, ಹಾಜರಿ ಪುಸ್ತಕ ಮಾತ್ರ ಮಳೆಯಲ್ಲಿ ನೆನೆದು ಅಕ್ಷರ ಅಳಿಸಿಹೋಗಿದೆ. ಹೊಸದಾಗಿ ಬಂದ ಮೇಷ್ಟ್ರು ಪುಸ್ತಕ ನೋಡಿ ‘ಈ ತರಗತಿಯಲ್ಲಿ ಯಾರೂ ಇಲ್ಲ’ ಎಂದರೆ ಹೇಗೆ? ಕಂಪ್ಯೂಟರು ಅಂಥ ಮೇಷ್ಟ್ರು. ಬೆಂಚುಗಳ ಕಡೆ ಕಣ್ಣೆತ್ತಿ ನೋಡುವುದಿಲ್ಲ.

ಆ ಸಂಜೆ ಅಪ್ಪ ವೈರು ಬದಲಿಸಿದರು. ಕಾಣಲಿಲ್ಲ. ಪಕ್ಕದ ಮನೆಯಿಂದ 12 ವೋಲ್ಟಿನ ಬೇರೆ ಅಡಾಪ್ಟರ್ ತಂದರು. ಈ ಬಾರಿ ಡಿಸ್ಕು ಗುಂಯ್ ಎಂದು ತಿರುಗಿತು. ಎಲ್ಲರ ಮುಖ ಅರಳಿತು. ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

ಎಷ್ಟು ವಿನಯದ ಪ್ರಶ್ನೆ! ಅಪ್ಪನ ಬೆರಳು ‘ಹೌದು’ ಎಂಬ ಗುಂಡಿಯ ಮೇಲೆ ಹೋಗಿಯೇ ಬಿಟ್ಟಿತ್ತು. ಎರಡನೇ ಪಿಯುಸಿ ವಿಜ್ಞಾನ ಓದುತ್ತಿದ್ದ ಮಗಳು ಕೈ ಹಿಡಿದಳು.

‘ಅಪ್ಪಾ, ಬೇಡ. ಫಾರ್ಮ್ಯಾಟ್ ಅಂದ್ರೆ ಹೊಸ ಹಾಜರಿ ಪುಸ್ತಕ ಹೊಲಿಯೋದು. ಖಾಲಿ ಪುಸ್ತಕ.’

‘ಬಳಸ್ಬೇಕು ಅಂದ್ರೆ ಮಾಡ್ಲೇಬೇಕು ಅಂತಿದೆಯಲ್ಲೇ?’

‘ಅದಕ್ಕೆ ಬೇಕಾಗಿರೋದು ಡಿಸ್ಕು. ನಮಗೆ ಬೇಕಾಗಿರೋದು ಅಜ್ಜಿ ಹಾಡು.’

ಹುಡುಗಿ ಹೇಳಿದ್ದು ಸರಿ. ತ್ವರಿತ ಫಾರ್ಮ್ಯಾಟಿನಲ್ಲಿ ಹಳೆಯ ಮಾಹಿತಿಯ ಬಹುಭಾಗ ಹಾಗೆಯೇ ಉಳಿದು, ಪಟ್ಟಿ ಮಾತ್ರ ಹೊಸದಾಗುತ್ತದೆ. ಆದರೆ ವಿಂಡೋಸ್ ವಿಸ್ಟಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಎಂದರೆ ಡಿಸ್ಕಿನ ಉದ್ದಗಲಕ್ಕೂ ಸೊನ್ನೆ ಬರೆಯುವುದು. ಸೊನ್ನೆ ಬರೆದ ಮೇಲೆ ಯಾವ ಪರಿಣತನೂ ಏನೂ ಮಾಡಲಾರ. ಡಿಸ್ಕನ್ನು ‘ರಿಪೇರಿ’ ಮಾಡುತ್ತೇನೆನ್ನುವ ತಂತ್ರಾಂಶಗಳೂ ಇಂಥ ಹೊತ್ತಿನಲ್ಲಿ ಅಪಾಯಕಾರಿಯೇ. ಅವು ಪಟ್ಟಿಯನ್ನು ಒಪ್ಪವಾಗಿಸಲು ಹೊರಡುತ್ತವೆ, ಪಟ್ಟಿಗೆ ಹೊಂದದ್ದನ್ನು ಕತ್ತರಿಸುತ್ತವೆ.

ಫಾರ್ಮ್ಯಾಟ್ ತಪ್ಪಿತು. ಅಪ್ಪನ ಹಟ ಮಾತ್ರ ತಪ್ಪಲಿಲ್ಲ. ಕಿತ್ತು ಸಿಕ್ಕಿಸಿದರು, ಮತ್ತೆ ಕಿತ್ತು ಸಿಕ್ಕಿಸಿದರು. ಐದನೆಯ ಸಲವೋ ಆರನೆಯ ಸಲವೋ ಡಬ್ಬಿಯಿಂದ ಹೊಸ ಸದ್ದು ಬಂತು. ಟಿಕ್... ಟಿಕ್... ಟಿಕ್... ಸ್ವಲ್ಪ ಮೌನ. ಮತ್ತೆ ಟಿಕ್... ಟಿಕ್... ಟಿಕ್... ಅಲ್ಲಿಯವರೆಗೆ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ ತಾತ ಎದ್ದು ಬಂದು ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟರು.

‘ಸಾಕು ಕಣೋ. ಹುಡುಕ್ತಾ ಇದೆ, ಸಿಕ್ತಾ ಇಲ್ಲ ಅದಕ್ಕೆ.’

ತಾತನಿಗೆ ಕಂಪ್ಯೂಟರಿನ ಒಳಗುಟ್ಟು ತಿಳಿದಿತ್ತೆಂದಲ್ಲ. ಆ ಸದ್ದು ತಿಳಿದಿತ್ತು. 1948ರಲ್ಲಿ ಶುರುವಾದ ಐಟಿಐಯಲ್ಲಿ ಮೊದಲ ದಶಕಗಳಲ್ಲಿ ತಯಾರಾಗುತ್ತಿದ್ದದ್ದು ಸ್ಟ್ರೌಜರ್ ಮಾದರಿಯ ದೂರವಾಣಿ ವಿನಿಮಯ ಯಂತ್ರಗಳು. ಅಮೆರಿಕದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಡಯಲಿನಲ್ಲಿ 5 ತಿರುಗಿಸಿದರೆ ವಿನಿಮಯ ಕೇಂದ್ರದಲ್ಲಿ ಒಂದು ಕಂಬಿ ಐದು ಮೆಟ್ಟಿಲು ಟಿಕ್ ಟಿಕ್ ಎಂದು ಮೇಲೇರುತ್ತಿತ್ತು, ಆಮೇಲೆ ಅಡ್ಡಕ್ಕೆ ತಿರುಗಿ ಖಾಲಿ ತಂತಿ ಹುಡುಕುತ್ತಿತ್ತು. ಹತ್ತು ಮೆಟ್ಟಿಲು, ಪ್ರತಿ ಮೆಟ್ಟಿಲಲ್ಲಿ ಹತ್ತು ಜಾಗ. ಇಂಥ ಯಂತ್ರಗಳ ಸಾಲಿನ ನಡುವೆ ನಿಂತು ಕಿವಿಯಿಂದಲೇ ದೋಷ ಹಿಡಿಯುತ್ತಿದ್ದ ತಲೆಮಾರು ತಾತನದು. ಕೆಲಸ ಮಾಡುವ ಯಂತ್ರದ ಟಿಕ್‌ಗೂ, ದಾರಿ ತಪ್ಪಿ ಮತ್ತೆ ಮತ್ತೆ ಮೊದಲಿಗೇ ಮರಳುವ ಯಂತ್ರದ ಟಿಕ್‌ಗೂ ಇರುವ ವ್ಯತ್ಯಾಸ ಅವರ ಕಿವಿಗೆ ಚೆನ್ನಾಗಿ ಗೊತ್ತು.

ಹಾರ್ಡ್ ಡಿಸ್ಕಿನ ಟಿಕ್ಕೂ ಅದೇ. ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ಗಿರಗಿರ ತಿರುಗುತ್ತಿರುತ್ತವೆ. ಅವುಗಳ ಮೇಲೆ ಒಂದು ತೋಳು ಆಚೀಚೆ ಸರಿದು ಕಾಂತೀಯ ಗುರುತುಗಳನ್ನು ಓದುತ್ತದೆ. ತಾನು ಎಲ್ಲಿದ್ದೇನೆಂದು ತಿಳಿಯಲು ತಟ್ಟೆಯ ಮೇಲೆಯೇ ಮೈಲಿಗಲ್ಲುಗಳಂಥ ಗುರುತುಗಳಿರುತ್ತವೆ. ಅವು ಓದಲು ಸಿಗದಿದ್ದರೆ ತೋಳು ಮೊದಲ ಜಾಗಕ್ಕೆ ಮರಳಿ ಮತ್ತೆ ಹೊರಡುತ್ತದೆ. ಟಿಕ್.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. ಮೇಜಿನ ಕಂಪ್ಯೂಟರಿನ ಡಿಸ್ಕಿನ ತಟ್ಟೆಯ ವ್ಯಾಸ ಸುಮಾರು 95 ಮಿಲಿಮೀಟರ್. ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಪರಿಧಿಯನ್ನು 120ರಿಂದ ಗುಣಿಸಿದರೆ ತಟ್ಟೆಯ ಅಂಚಿನ ವೇಗ ಸೆಕೆಂಡಿಗೆ ಸುಮಾರು 36 ಮೀಟರ್, ಗಂಟೆಗೆ 129 ಕಿಲೋಮೀಟರ್. ಹಳೇ ಮದ್ರಾಸು ರಸ್ತೆಯಲ್ಲಿ ಯಾವ ವಾಹನಕ್ಕೂ ಸಾಧ್ಯವಿಲ್ಲದ ವೇಗ! ಈ ವೇಗದಲ್ಲಿ ಓದುವ ತಲೆ ತಟ್ಟೆಗೆ ತಾಗದಂತೆ, ಗಾಳಿಯ ಪದರದ ಮೇಲೆ ತೇಲುತ್ತದೆ. ನಡುವಿನ ಅಂತರ ನಮ್ಮ ತಲೆಗೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲು. ಒಂದು ಧೂಳಿನ ಕಣ ಅಲ್ಲಿ ಬಂಡೆಗಲ್ಲು. ತಲೆ ಹಾಳಾಗಿ ತಟ್ಟೆಯನ್ನು ಉಜ್ಜತೊಡಗಿದರೆ, ಉಜ್ಜಿ ಹೋಗುವ ಪುಡಿಯೇ ಅಜ್ಜಿಯ ದನಿ. ತಾತ ಸ್ವಿಚ್ಚು ಆರಿಸಿದ ಆ ಗಳಿಗೆ ಇಡೀ ಕಥೆಯಲ್ಲಿ ಬೆಲೆಬಾಳುವ ಗಳಿಗೆ. ಅದಕ್ಕೆ ಕಾಸು ಖರ್ಚಿರಲಿಲ್ಲ.

ರಾತ್ರಿ ಸಲಹೆಗಳು ಬಂದವು. ಮೇಲಿನ ಮನೆಯವರು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಫ್ರೀಜರಿನಲ್ಲಿಡಿ, ಬೆಳಿಗ್ಗೆ ಹೊತ್ತಿಗೆ ಸರಿಯಾಗುತ್ತೆ ಎಂದರು. ಇದು ಬಹಳ ಊರು ಸುತ್ತಿದ ವೈದ್ಯ. ತಣ್ಣಗಿನ ತಂಬಿಗೆಯ ಮೈಮೇಲೆ ನೀರಹನಿ ಕೂರುವುದನ್ನು ನೋಡಿದವರು ಆ ಹನಿ ತಟ್ಟೆಯ ಮೇಲೆ ಕೂತರೆ ಏನಾಗುತ್ತದೆಂದು ಊಹಿಸಬಹುದು. ಅಮ್ಮ ಮಾತ್ರ ಏನೂ ಹೇಳದೆ ಡಬ್ಬಿಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಯಾರ ಕೈಗೂ ಸಿಗದಂತೆ ಎತ್ತಿಟ್ಟರು.

ಮರುದಿನ ತಾತ, ಮೊಮ್ಮಗಳು ಶಿವಾಜಿನಗರಕ್ಕೆ ಹೋದರು. ರಸೆಲ್ ಮಾರುಕಟ್ಟೆಯಿಂದ ಸ್ವಲ್ಪ ದೂರದ ಓಣಿಯಲ್ಲಿ ಮೊಬೈಲು, ಲ್ಯಾಪ್‌ಟಾಪು ರಿಪೇರಿ ಮಾಡುವ ಒಂದು ಗೂಡಂಗಡಿ. ಅಂಗಡಿಯ ಯುವಕ ಡಿಸ್ಕನ್ನು ಕಿವಿಯ ಬಳಿ ಹಿಡಿದು ಮೂರು ಸೆಕೆಂಡು ಮಾತ್ರ ಕರೆಂಟು ಕೊಟ್ಟ. ಕೂಡಲೇ ತೆಗೆದ.

‘ತಾತಾ, ಇದು ನನ್ನ ಕೈಯಲ್ಲಿ ಆಗೋ ಕೆಲಸ ಅಲ್ಲ. ಇಲ್ಲೇ ಬಿಚ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಕೊಡ್ಬೇಡಿ. ನೋಡಿ, ರೋಡಿನ ಧೂಳು ಎಲ್ಲಾ ಇಲ್ಲೇ ಇದೆ.’

ಬರಬಹುದಾಗಿದ್ದ ಹಣವನ್ನು ಬಿಟ್ಟು ನಿಜ ಹೇಳುವ ರಿಪೇರಿಯವನು ಸಿಗುವುದು ಒಂದು ಭಾಗ್ಯ. ಅವನು ಇಂದಿರಾನಗರದ ಒಂದು ಪ್ರಯೋಗಾಲಯದ ವಿಳಾಸ ಬರೆದುಕೊಟ್ಟ. ಅಲ್ಲಿ ಧೂಳು ಸೋಸಿದ ಗಾಳಿಯ ಪೆಟ್ಟಿಗೆಯಲ್ಲಿ ಕೈಗವಸು ಹಾಕಿಕೊಂಡು ಡಿಸ್ಕು ಬಿಚ್ಚುತ್ತಾರೆ. ಪರೀಕ್ಷಿಸಿ ಹೇಳಿದರು: ಓದುವ ತಲೆಗಳು ಹೋಗಿವೆ. ಅದೇ ಮಾದರಿಯ ಇನ್ನೊಂದು ಹಳೆಯ ಡಿಸ್ಕು ಹುಡುಕಿ, ಅದರ ತಲೆಗಳನ್ನು ಇದಕ್ಕೆ ಕೂರಿಸಬೇಕು. ಎಷ್ಟು ಬರುತ್ತದೋ ಹೇಳಲಾಗದು. ಖರ್ಚು ಇಷ್ಟು.

ಆ ‘ಇಷ್ಟು’ ತಾತನ ಹಲವು ತಿಂಗಳ ಪಿಂಚಣಿ. ಭವಿಷ್ಯನಿಧಿಯ ಪಿಂಚಣಿ ಪಡೆಯುವವರ ಮನೆಗಳಲ್ಲಿ ಈ ಮಾತನ್ನು ವಿವರಿಸಬೇಕಾಗಿಲ್ಲ. ಅಂದು ರಾತ್ರಿ ಹಲಸೂರಿನ ಆ ಮನೆಯಲ್ಲಿ ಜಗಳವಾಯಿತು. ‘ಸಿಇಟಿ ಕೋಚಿಂಗಿನ ಎರಡನೇ ಕಂತು ಕಟ್ಟಬೇಕು. ಬರುತ್ತೋ ಇಲ್ಲವೋ ಗೊತ್ತಿಲ್ಲದ್ದಕ್ಕೆ ಇಷ್ಟು ದುಡ್ಡು ಹಾಕೋದಾ ಅಪ್ಪಾ? ನೀವೇ ಹೇಳಿ’ ಎಂದು ಮಗ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಾತ ಉತ್ತರ ಕೊಡಲಿಲ್ಲ. ‘ಅಮ್ಮನ ದನಿ ನಿನಗೆ ನೆನಪಿದೆಯೇನೋ?’ ಎಂದಷ್ಟೇ ಕೇಳಿ ಮಲಗಲು ಹೋದರು. ಮಗ ಬಹಳ ಹೊತ್ತು ಹೊರಗೆ ಕೂತಿದ್ದ. ಮಾರನೆಯ ದಿನ ಅವನೇ ಮೈಸೂರಿಗೆ ಫೋನು ಮಾಡಿದ. ಅರ್ಧ ತಂಗಿಯದು, ಅರ್ಧ ತನ್ನದು ಎಂದು ತೀರ್ಮಾನವಾಯಿತು. ಎರಡನೇ ಕಂತಿಗೆ ಒಂದು ತಿಂಗಳು ಗಡುವು ಕೇಳಿದ್ದಾಯಿತು.

ಕಾದ ಆ ಎರಡು ವಾರಗಳಲ್ಲಿ ಹುಡುಗಿ ಪಠ್ಯಪುಸ್ತಕ ಬಿಟ್ಟು ಇಂಥ ಡಿಸ್ಕುಗಳ ಕಥೆಯನ್ನೇ ಓದಿದಳು. ಹಾರ್ಡ್ ಡಿಸ್ಕಿನ ಮೂಲಪುರುಷ ಐಬಿಎಂ 1956ರಲ್ಲಿ ಹೊರತಂದ ರಾಮ್ಯಾಕ್. 24 ಇಂಚಿನ 50 ತಟ್ಟೆಗಳು, ಒಂದು ಟನ್ನಿನಷ್ಟು ತೂಕ, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಅವಳ ಮನಸ್ಸು ಹಿಡಿದದ್ದು ಇನ್ನೊಂದು ಕಥೆ. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಮತ್ತು ಆರು ಜನ ಸಂಗಾತಿಗಳಿದ್ದ ಕೊಲಂಬಿಯಾ ನೌಕೆ ಭೂಮಿಗೆ ಮರಳುವಾಗ ಆಕಾಶದಲ್ಲೇ ಚೂರುಚೂರಾಯಿತು. ಅದರಲ್ಲಿ ಕ್ಸೆನಾನ್ ಅನಿಲದ ಸ್ನಿಗ್ಧತೆಯನ್ನು ಅಳೆಯುವ ಒಂದು ಪ್ರಯೋಗವಿತ್ತು. ಮಾಹಿತಿಯ ಒಂದು ಭಾಗ ರೇಡಿಯೋ ಮೂಲಕ ಮೊದಲೇ ಭೂಮಿಗೆ ಬಂದಿತ್ತು. ಉಳಿದದ್ದು ನೌಕೆಯಲ್ಲಿದ್ದ ಡಿಸ್ಕಿನಲ್ಲಿ. ತಿಂಗಳುಗಳ ನಂತರ ಆ ಡಿಸ್ಕು ಸಿಕ್ಕಿತು, ಸುಟ್ಟು ಕರಕಲಾದ ಲೋಹದ ಮುದ್ದೆಯಂತೆ. ಅಮೆರಿಕದ ಕ್ರೋಲ್ ಆನ್‌ಟ್ರ್ಯಾಕ್ ಸಂಸ್ಥೆಯವರು ಬಿಚ್ಚಿ, ತಟ್ಟೆಗಳನ್ನು ತೊಳೆದು, ಹೊಸ ಕವಚಕ್ಕೆ ಕೂರಿಸಿ ಓದಿದರು. ನೂರಕ್ಕೆ 99ರಷ್ಟು ಮಾಹಿತಿ ಬಂತು! ದುರಂತದ ಗಳಿಗೆಯಲ್ಲಿ ತಟ್ಟೆಗಳು ತಿರುಗುತ್ತಿರಲಿಲ್ಲವಾದ್ದರಿಂದ ಮಾಹಿತಿ ಇದ್ದ ಭಾಗ ಉಜ್ಜಿಹೋಗಿರಲಿಲ್ಲ. ಹಳೆಯ ಡಾಸ್ ವ್ಯವಸ್ಥೆ ಮಾಹಿತಿಯನ್ನು ಚೆಲ್ಲಾಪಿಲ್ಲಿ ಮಾಡದೆ ಒಂದೇ ಕಡೆ ಬರೆದಿತ್ತು. ಆ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು.

‘ತಾತಾ, ಆಕಾಶದಿಂದ ಬಿದ್ದದ್ದೇ ಸಿಕ್ಕಿದೆ. ನಮ್ಮದು ಬೀರುವಿನಲ್ಲಿತ್ತು’ ಎಂದು ಅವಳು ಸಮಾಧಾನ ಹೇಳಿದಳು. ಬೀರುವಿನಲ್ಲಿದ್ದದ್ದನ್ನು ತಿರುಗುತ್ತಿರುವಾಗಲೇ ಅಪ್ಪ ಆರು ಸಲ ಕಿತ್ತು ಸಿಕ್ಕಿಸಿದ್ದನ್ನು ಹೇಳಲಿಲ್ಲ.

ಇಂದಿರಾನಗರದಿಂದ ಕರೆ ಬಂತು. ತಲೆ ಬದಲಾಯಿಸಿದ ಡಿಸ್ಕು ಹೆಚ್ಚು ದಿನ ಬಾಳುವುದಿಲ್ಲ. ಆದ್ದರಿಂದ ಕಡತಗಳನ್ನು ಅದರಲ್ಲಿ ತೆರೆದು ನೋಡುವ ಗೋಜಿಗೇ ಹೋಗದೆ, ಮೊದಲು ಇಡೀ ಡಿಸ್ಕಿನ ಪಡಿಯಚ್ಚನ್ನು ಇನ್ನೊಂದು ಡಿಸ್ಕಿಗೆ ತೆಗೆಯುತ್ತಾರೆ. ಜಾಣ ವಿದ್ಯಾರ್ಥಿ ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆಗಳನ್ನು ಮೊದಲು ಬರೆದು, ಕಷ್ಟದವನ್ನು ಕೊನೆಗಿಟ್ಟುಕೊಳ್ಳುತ್ತಾನಲ್ಲ, ಹಾಗೆಯೇ ಓದಲು ಸುಲಭವಾದ ಜಾಗಗಳನ್ನೆಲ್ಲ ಮೊದಲು ಬಾಚಿಕೊಂಡು, ಹಟಮಾರಿ ಜಾಗಗಳಿಗೆ ಆಮೇಲೆ ಮರಳುವುದು. ಇಲ್ಲಿಯೂ ಹೆಚ್ಚಿನದೆಲ್ಲ ಬಂದಿತ್ತು. ಬಾರದೇ ಉಳಿದದ್ದು ಒಂದು ತಟ್ಟೆಯ ಮೇಲಿನ ಗೀರಿದ ಬಳೆಯಂಥ ಭಾಗ. ದುರದೃಷ್ಟಕ್ಕೆ ಹಾಜರಿ ಪುಸ್ತಕದ ಬಹುಪಾಲು ಅಲ್ಲೇ ಇತ್ತು.

ಆದರೂ ಹುಡುಗರನ್ನು ಮುಖ ನೋಡಿ ಗುರುತಿಸಬಹುದಷ್ಟೆ. ಹಲವು ಬಗೆಯ ಕಡತಗಳ ಆರಂಭದಲ್ಲಿ ಅವುಗಳ ಜಾತಿ ಹೇಳುವ ಕೆಲವು ಅಕ್ಷರಗಳಿರುತ್ತವೆ. ವಿಂಡೋಸಿನಲ್ಲಿ ಧ್ವನಿ ತುಂಬಿಸಿದ ಕಡತ ಆರ್, ಐ, ಎಫ್, ಎಫ್ ಎಂಬ ನಾಲ್ಕು ಅಕ್ಷರಗಳಿಂದ ಶುರುವಾಗುತ್ತದೆ. ಡಿಸ್ಕಿನ ಪಡಿಯಚ್ಚನ್ನು ಮೊದಲಿಂದ ಕೊನೆಯವರೆಗೆ ಜಾಲಾಡಿ ಈ ಗುರುತು ಕಂಡಲ್ಲೆಲ್ಲ ಒಂದು ಕಡತ ಎತ್ತಿಕೊಳ್ಳುತ್ತಾರೆ. ಕಡತ ಬರುತ್ತದೆ, ಹೆಸರು ಬರುವುದಿಲ್ಲ. ತಾತ ಒಂದೊಂದು ಹಾಡಿಗೂ ಇಟ್ಟಿದ್ದ ಹೆಸರುಗಳು ಹೋಗಿ ಬರಿಯ ಅಂಕಿಗಳು ಉಳಿದಿದ್ದವು. ಧ್ವನಿಯ ಕಡತಗಳು 61.

ಮೊದಲನೆಯದನ್ನು ಒತ್ತಿದರು. ಗಂಟಲು ಸರಿಮಾಡಿಕೊಳ್ಳುವ ಸದ್ದು. ಆಮೇಲೆ ಅಜ್ಜಿ. ಹಿಂದೆ ಎಲ್ಲೋ ಕುಕ್ಕರಿನ ಸೀಟಿ. ಅಪ್ಪ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದರು.

ಹಾಡು ನಡುವೆಯೇ ಕತ್ತರಿಸಿಹೋಯಿತು. ಎರಡನೆಯದೂ ಹಾಗೆಯೇ. ಡಿಸ್ಕಿನ ದೋಷವೆಂದು ಎಲ್ಲರಿಗೂ ಎದೆ ಧಸಕ್ಕೆಂದಿತು. ತಾತ ನಕ್ಕರು. ವಿಂಡೋಸ್ ಎಕ್ಸ್‌ಪಿಯಲ್ಲಿದ್ದ ಧ್ವನಿಮುದ್ರಕ 60 ಸೆಕೆಂಡಿಗೆ ತಾನೇ ನಿಲ್ಲುತ್ತಿತ್ತು! ಮುಂದುವರಿಸುವ ಉಪಾಯ ಅವರಿಗೆ ಗೊತ್ತಿರಲಿಲ್ಲ. ಗಡಿಯಾರ ನೋಡುತ್ತ ಕೂತು, 60 ಆದ ಕೂಡಲೇ ಕೈ ಎತ್ತುತ್ತಿದ್ದರು. ಅಜ್ಜಿ ಅಲ್ಲಿಗೇ ನಿಲ್ಲಿಸಿ, ಹೊಸ ಕಡತ ತೆರೆದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಒಂದು ಹಾಡಿಗೆ ಮೂರು ಅಥವಾ ನಾಲ್ಕು ತುಂಡು. ಈಗ ಹೆಸರಿಲ್ಲದ 61 ತುಂಡುಗಳನ್ನು ಜೋಡಿಸಬಲ್ಲವರು ಒಬ್ಬರೇ. ಒಂದು ವಾರ ರಾತ್ರಿ ಊಟವಾದ ಮೇಲೆ ತಾತ ಕಣ್ಣು ಮುಚ್ಚಿ ಕೇಳುವುದು, ‘ಇದು ಆರತಿ ಹಾಡಿನ ಎರಡನೇದು’ ಎನ್ನುವುದು, ಮೊಮ್ಮಗಳು ಬರೆದುಕೊಳ್ಳುವುದು. ಪ್ರಯೋಗಾಲಯದ ಯಾವ ಯಂತ್ರಕ್ಕೂ ಆ ಕೆಲಸ ಬರುವಂತಿರಲಿಲ್ಲ.

ತಾತನ ಕಾರ್ಖಾನೆಯ ನೆನಪುಗಳೂ ಬಂದಿದ್ದವು. ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ಅರ್ಧವಿರಾಮ, ಡಾಲರ್ ಚಿಹ್ನೆಗಳ ರಾಶಿ. ಕನ್ನಡಿಗರ ಹಳೆಯ ಕಡತಗಳಿಗೆ ಅಂಟಿದ ಈ ಕಾಯಿಲೆಗೂ ಡಿಸ್ಕಿಗೂ ಸಂಬಂಧವಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಲಕ್ಷಾಂತರ ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆದದ್ದು ಇವುಗಳ ಉಪಕಾರದಿಂದ. ಆಗ ಬಳಕೆಯಲ್ಲಿದ್ದ ವಿಧಾನದಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರಗಳನ್ನು ತೊಡಿಸಲಾಗುತ್ತಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಇಂಗ್ಲಿಷೇ ಕಾಣುತ್ತದೆ. ಹಳೆಯ ಫಾಂಟನ್ನು ಹಾಕಿದಾಗ ತಾತನ ಕನ್ನಡ ಮೂಡಿತು. ಅದನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕವೂ ಸಿಕ್ಕಿತು. ಆದರೆ ‘ಸೂರ್ಯ’ದಂಥ ಪದಗಳಲ್ಲಿ ಎಡವಟ್ಟು. ಹಳೆಯ ಪದ್ಧತಿ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವಂತೆ ‘ಯ’ದ ನಂತರ ಬರೆದಿರುತ್ತದೆ, ಯೂನಿಕೋಡು ಬಾಯಿಗೆ ಬರುವಂತೆ ರಕಾರವನ್ನು ಮೊದಲು ಕೇಳುತ್ತದೆ. ಕಾರ್ಖಾನೆ, ಕಾರ್ಮಿಕ, ದುರಸ್ತಿ ಕಾರ್ಯ... ಅರ್ಕಾವೊತ್ತಿಲ್ಲದೆ ಐಟಿಐ ಕಥೆ ಹೇಳುವುದುಂಟೇ? ತಿದ್ದುವ ಕೆಲಸ ಇನ್ನೂ ನಡೆದಿದೆ. ಕೆ.ಆರ್. ಪುರದಲ್ಲಿರುವ ಹಳೆಯ ಸಹೋದ್ಯೋಗಿಯೊಬ್ಬರಿಗೆ ಓದಿ ಹೇಳಲು ತಾತ ಆಗಾಗ ಹಲಸೂರಿನಲ್ಲಿ ಮೆಟ್ರೋ ಹತ್ತುತ್ತಾರೆ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಆಚೆಗೆ ದಾರಿ ಕೂಡಿಕೊಂಡ ಮೇಲೆ ಅದು ನಿರಾಯಾಸದ ಪ್ರಯಾಣ.

ಇಷ್ಟೆಲ್ಲ ಸಾಧ್ಯವಾದದ್ದು ಅದು ತಿರುಗುವ ತಟ್ಟೆಯ ಡಿಸ್ಕು ಆದ್ದರಿಂದ ಎಂಬುದನ್ನು ತಂದೆತಾಯಿಗಳು ಗಮನಿಸಬೇಕು. ಈಗಿನ ಫೋನುಗಳಲ್ಲಿ, ಎಸ್‌ಎಸ್‌ಡಿಗಳಲ್ಲಿ ತಟ್ಟೆಯೂ ಇಲ್ಲ, ಟಿಕ್ ಎಂಬ ಎಚ್ಚರಿಕೆಯೂ ಇಲ್ಲ. ಅಳಿಸಿದ ಜಾಗವನ್ನು ಅವು ತಾವೇ ಬೇಗ ತೆರವು ಮಾಡಿಕೊಳ್ಳುತ್ತವೆ. ಮಗುವಿನ ಮೊದಲ ತೊದಲು ಒಂದೇ ಫೋನಿನಲ್ಲಿದ್ದರೆ ಅದು ಆ ಫೋನು ಬಾಳುವಷ್ಟು ದಿನ ಮಾತ್ರ ಇದೆ. ಹಲಸೂರಿನ ಮನೆಯಲ್ಲಿ ಈಗ ಹಾಡುಗಳ ಮೂರು ಪ್ರತಿಗಳಿವೆ. ಒಂದು ಮನೆಯಲ್ಲಿ, ಒಂದು ಮೈಸೂರಿನಲ್ಲಿ, ಇನ್ನೊಂದು ಅಂತರಜಾಲದ ಖಾತೆಯೊಂದರಲ್ಲಿ. ಯುಗಾದಿಗೂ ದೀಪಾವಳಿಗೂ ಒಮ್ಮೊಮ್ಮೆ ತೆರೆದು ನೋಡುವುದೆಂದು ಅಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ.

ಹಸೆಗೆ ಕರೆಯುವ ಹಾಡಿಗೆ ನಾಲ್ಕು ತುಂಡು ಇರಬೇಕಿತ್ತು. ಮೂರನೆಯದು ಬರಲಿಲ್ಲ. ಗೀರಿದ ಬಳೆಯಲ್ಲಿ ಹೋಗಿತ್ತು. ಮದುವೆಗೆ ನಾಲ್ಕು ದಿನವಿರುವಾಗ ಮೈಸೂರಿನ ಮಗಳು ಎಷ್ಟು ನೆನಪಿಸಿಕೊಂಡರೂ ಆಕೆಗೆ ಆ ಭಾಗ ಹೊಳೆಯಲಿಲ್ಲ. ಜನ್ಮದಲ್ಲಿ ಒಂದು ಹಾಡು ಹಾಡದ ತಾತ ಕೆಮ್ಮಿ, ಸಂಕೋಚಪಟ್ಟು, ರಾಗವಿಲ್ಲದೆ ಬರಿಯ ಮಾತಿನಲ್ಲಿ ಆ ನುಡಿಯನ್ನು ಒಪ್ಪಿಸಿದರು. ನಲವತ್ತು ವರ್ಷ ಪಕ್ಕದ ಕೋಣೆಯಿಂದ ಕೇಳಿದ್ದು. ಮೊಮ್ಮಗಳು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಧಾಟಿ ಉಳಿದ ನುಡಿಗಳದ್ದೇ ಆದ್ದರಿಂದ ಹಾಡಲು ತೊಂದರೆಯಾಗಲಿಲ್ಲ. ಒಂದು ಪದದ ಬಗ್ಗೆ ಮಾತ್ರ ಅವರಿಗೆ ಇನ್ನೂ ಅನುಮಾನವಿದೆ. ಅವಳು ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದಾಳೆ.